ನೆಲದಡಿಯ ಪೊಳ್ಳು: ಗಣಿ ಮುಚ್ಚಿದ ಮೇಲೂ ಮುಗಿಯದ ಕಥೆ



ಕೆಟ್ಟ ಸುದ್ದಿ ಕೇಳಿದಾಗ ‘ಕಾಲ ಕೆಳಗಿನ ನೆಲವೇ ಕುಸಿದಂತಾಯಿತು’ ಎನ್ನುತ್ತೇವೆ. ನಮಗೆ ಅದು ಬರಿಯ ಮಾತು. ಜಾರ್ಖಂಡ್‌ನ ಝರಿಯಾ, ಪಶ್ಚಿಮ ಬಂಗಾಳದ ರಾಣಿಗಂಜ್ ಕಲ್ಲಿದ್ದಲು ಪ್ರದೇಶಗಳ ಎಷ್ಟೋ ಕುಟುಂಬಗಳಿಗೆ ಅದು ನಿತ್ಯದ ಭಯ. ಅಲ್ಲಿ ಅಂಗಳ ಬಿರಿಯುತ್ತದೆ, ಬಾವಿ ಬತ್ತುತ್ತದೆ, ಗೋಡೆ ವಾಲುತ್ತದೆ. ಅಂಥ ನೆಲವನ್ನು ಪರೀಕ್ಷಿಸಲು ಬಂದವರು ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಇದರ ಕೆಳಗಿನ ಗಣಿಯ ನಕ್ಷೆ ಎಲ್ಲಿ? ಎಷ್ಟೋ ಕಡೆ ಅದಕ್ಕೆ ಉತ್ತರವಿಲ್ಲ. ಏಕಿಲ್ಲ ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ರಾಣಿಗಂಜ್ ಪ್ರದೇಶದಲ್ಲಿ ಜಾನ್ ಸಮ್ನರ್ ಮತ್ತು ಸ್ಯೂಟೋನಿಯಸ್ ಗ್ರಾಂಟ್ ಹೀಟ್ಲಿ ಎಂಬ ಇಬ್ಬರು ಆಂಗ್ಲರು ಕಲ್ಲಿದ್ದಲು ತೆಗೆಯಲು ಆರಂಭಿಸಿದ್ದು 1774ರಲ್ಲಿ. 1855ರಲ್ಲಿ ರೈಲು ರಾಣಿಗಂಜ್ ತಲುಪಿದ ಮೇಲೆ ಗಣಿಗಾರಿಕೆಗೆ ವೇಗ ಬಂತು. 1890ರ ದಶಕದಲ್ಲಿ ಝರಿಯಾ ಕೂಡ ತೆರೆದುಕೊಂಡಿತು. ಉಕ್ಕಿನ ಕಾರ್ಖಾನೆಗಳಿಗೆ ಬೇಕಾದ ಉತ್ತಮ ಕೋಕಿಂಗ್ ಕಲ್ಲಿದ್ದಲು ಅಲ್ಲಿ ಒಂದರ ಮೇಲೊಂದು ಪದರಗಳಲ್ಲಿ ಹರಡಿದೆ. ಆದರೆ ಗಣಿಗಳಿಗೆಂದು ನಮ್ಮ ದೇಶದಲ್ಲಿ ಮೊದಲ ಕಾಯಿದೆ ಬಂದದ್ದು 1901ರಲ್ಲಿ. ಗಣಿ ತಪಾಸಣೆಯ ಕಚೇರಿ ಕಲ್ಕತ್ತೆಯಲ್ಲಿ ಆರಂಭವಾದದ್ದು 1902ರಲ್ಲಿ. ಲೆಕ್ಕ ಹಾಕಿ ನೋಡಿ: 1774ರಿಂದ 1901ರವರೆಗೆ 127 ವರ್ಷ. ಅಷ್ಟು ಕಾಲ ಯಾರು ಎಲ್ಲಿ ಎಷ್ಟು ಅಗೆದರು ಎಂಬುದಕ್ಕೆ ಪೂರ್ಣವಾದ ದಾಖಲೆಯಿಲ್ಲ.

ಅಗೆದ ಬಗೆಯನ್ನೂ ತಿಳಿಯಬೇಕು. ದೇವಸ್ಥಾನದ ಕಂಬಗಳ ಮಂಟಪವನ್ನು ನೆನಪಿಸಿಕೊಳ್ಳಿ. ಹಳೆಯ ಗಣಿಗಳಲ್ಲಿ ಕಲ್ಲಿದ್ದಲಿನ ಪದರದಲ್ಲಿ ಉದ್ದಕ್ಕೂ ಅಡ್ಡಕ್ಕೂ ಓಣಿಗಳನ್ನು ಕೊರೆದು, ನಡುವೆ ಕಲ್ಲಿದ್ದಲಿನದೇ ಕಂಬಗಳನ್ನು ಉಳಿಸುತ್ತಿದ್ದರು. ಮೇಲಿನ ಬಂಡೆಯ ಭಾರವನ್ನು ಆ ಕಂಬಗಳೇ ಹೊರಬೇಕು. ಆದರೆ ಕಂಬದಲ್ಲಿ ಉಳಿದದ್ದೂ ಹಣವೇ ಅಲ್ಲವೇ? ಗಣಿ ಮುಗಿಯುವ ಹೊತ್ತಿಗೆ ಎಷ್ಟೋ ಕಡೆ ಕಂಬಗಳನ್ನು ಕೆತ್ತಿ ತೆಳುವಾಗಿಸಿದರು, ಕೆಲವನ್ನು ಪೂರ್ತಿ ತೆಗೆದರು. ಖಾಲಿಯಾದ ಜಾಗಕ್ಕೆ ನೀರಿನೊಡನೆ ಮರಳು ತುಂಬಿದರೆ ಕುಸಿತ ಬಹುಮಟ್ಟಿಗೆ ತಗ್ಗುತ್ತದೆ. ಇದಕ್ಕಾಗಿಯೇ 1939ರಲ್ಲಿ ಒಂದು ಕಾಯಿದೆ ಬಂತು. ಅಷ್ಟರಲ್ಲಿ ಎಷ್ಟೋ ಗಣಿಗಳು ಪೊಳ್ಳಾಗಿಯೇ ಉಳಿದುಹೋಗಿದ್ದವು. 1971ರಿಂದ 1973ರೊಳಗೆ ಸರ್ಕಾರ ಕಲ್ಲಿದ್ದಲು ಗಣಿಗಳನ್ನು ವಹಿಸಿಕೊಂಡಾಗ ಗಣಿಗಳ ಜೊತೆಗೆ ಈ ಪೊಳ್ಳುಗಳೂ ಅದರ ಪಾಲಿಗೆ ಬಂದವು.

ಹೀಗೆ ಉಳಿದ ಪೊಳ್ಳಿನ ಮೇಲಿನ ನೆಲ ಎರಡು ಬಗೆಯಲ್ಲಿ ಕುಸಿಯುತ್ತದೆ. ಗಣಿ ಆಳದಲ್ಲಿದ್ದು ಅಗಲವಾಗಿ ಅಗೆದಿದ್ದರೆ ನೆಲ ತಟ್ಟೆಯಂತೆ ನಿಧಾನವಾಗಿ ತಗ್ಗುತ್ತದೆ. ತಟ್ಟೆಯ ಅಂಚಿನಲ್ಲಿ ನೆಲ ಹಿಗ್ಗಿ ಬಿರುಕು ಬಿಡುತ್ತದೆ. ನಡುವಿನಲ್ಲಿ ಒತ್ತಿಕೊಂಡು ಬಾಗಿಲುಗಳು ಬಿಗಿಯುತ್ತವೆ, ನೆಲಹಾಸು ಉಬ್ಬುತ್ತದೆ. ಗಣಿ ಮೇಲ್ಮೈಗೆ ಹತ್ತಿರವಿದ್ದರೆ ಅಪಾಯ ಬೇರೆ. ಒಳಗಿನ ಚಾವಣಿ ವರ್ಷಗಟ್ಟಲೆ ಕಳಚಿ ಬೀಳುತ್ತಾ ಪೊಳ್ಳು ಮೇಲಕ್ಕೇರುತ್ತದೆ. ಒಂದು ದಿನ, ಹೆಚ್ಚಾಗಿ ಮಳೆಗಾಲದಲ್ಲಿ, ನೆಲ ಬಾಯ್ದೆರೆದು ಹೊಂಡವಾಗುತ್ತದೆ.

ಇವನ್ನೆಲ್ಲ ಪರೀಕ್ಷಿಸುವುದು ಹೇಗೆ? ಒಂದೇ ಮನೆಯ ಗೋಡೆ ಬಿರಿದಿದ್ದರೆ ತಳಪಾಯದ ದೋಷವಿರಬಹುದು. ಅದೇ ಬಿರುಕು ಅಂಗಳ ದಾಟಿ, ರಸ್ತೆ ದಾಟಿ, ಎದುರಿನ ಹೊಲದವರೆಗೂ ಒಂದೇ ಸಾಲಿನಲ್ಲಿ ಸಾಗಿದ್ದರೆ ಕಾರಣ ನೆಲದಡಿಯಲ್ಲಿದೆ. ಬಿರುಕಿಗೆ ಅಡ್ಡಲಾಗಿ ಸಿಮೆಂಟಿನ ಪಟ್ಟಿ ಹಚ್ಚಿ, ಅದರ ಮೇಲೆ ದಿನಾಂಕ ಬರೆಯುತ್ತಾರೆ. ಪಟ್ಟಿ ಸೀಳಿದರೆ ಚಲನೆ ಇನ್ನೂ ನಿಂತಿಲ್ಲವೆಂದು ಅರ್ಥ. ನೆಲದಲ್ಲಿ ಸಾಲಾಗಿ ಗುರುತಿನ ಕಲ್ಲುಗಳನ್ನು ನೆಟ್ಟು, ಕುಸಿತದ ವಲಯದ ಹೊರಗಿನ ಸ್ಥಿರ ಬಿಂದುವಿನಿಂದ ಅವುಗಳ ಮಟ್ಟವನ್ನು ತಿಂಗಳು ತಿಂಗಳೂ ಅಳೆಯುತ್ತಾರೆ. ಸಂಶಯವಿದ್ದಲ್ಲಿ ಕೊಳವೆ ಕೊರೆದು ಪೊಳ್ಳಿನ ಆಳ ನೋಡುತ್ತಾರೆ. ಈಚಿನ ದಶಕಗಳಲ್ಲಿ ಉಪಗ್ರಹದ ರೇಡಾರ್ ಕೂಡ ನೆರವಿಗೆ ಬಂದಿದೆ. ಬೇರೆ ಬೇರೆ ದಿನಗಳ ಚಿತ್ರಗಳನ್ನು ಹೋಲಿಸಿ ಕೆಲವೇ ಸೆಂಟಿಮೀಟರ್ ತಗ್ಗಿದ್ದನ್ನೂ ಅದು ತೋರಿಸಬಲ್ಲದು. ಇಲ್ಲೊಂದು ಮಾತು ಗಮನಿಸಿ. ಒಮ್ಮೆ ಅಳೆದರೆ ಸಿಗುವುದು ಬರಿಯ ಅಂಕಿ. ಎರಡನೆಯ ಸಲ ಅಳೆದಾಗಲೇ ನೆಲ ಏನು ಮಾಡುತ್ತಿದೆ ಎಂಬುದು ತಿಳಿಯುವುದು.

ಝರಿಯಾದಲ್ಲಿ ಇನ್ನೊಂದು ಶತ್ರುವಿದೆ, ಬೆಂಕಿ. ಅಲ್ಲಿ ಭೂಗತ ಬೆಂಕಿ ಮೊದಲು ಕಂಡದ್ದು 1916ರಲ್ಲಿ. ಬಿರುಕಿನಿಂದ ಗಾಳಿ ಒಳಹೊಕ್ಕರೆ ಕಲ್ಲಿದ್ದಲು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬೆಂಕಿ ಕಂಬಗಳನ್ನು ತಿನ್ನುತ್ತದೆ. ಕಂಬ ಸೋತರೆ ನೆಲ ಕುಸಿಯುತ್ತದೆ. ಕುಸಿದ ನೆಲದ ಹೊಸ ಬಿರುಕುಗಳು ಬೆಂಕಿಗೆ ಮತ್ತೆ ಗಾಳಿ ಒದಗಿಸುತ್ತವೆ. ಇದರ ಪರಿಣಾಮ ಸಣ್ಣದಲ್ಲ. ಧನಬಾದ್–ಚಂದ್ರಪುರ ನಡುವಿನ 34 ಕಿಲೋಮೀಟರ್ ರೈಲು ಮಾರ್ಗದ ಅಡಿಯಲ್ಲಿ ಬೆಂಕಿಯ ಅಪಾಯವಿದೆ ಎಂದು ಗಣಿ ಸುರಕ್ಷತೆಯ ಅಧಿಕಾರಿಗಳು ಎಚ್ಚರಿಸಿದ ಮೇಲೆ 2017ರ ಜೂನ್‌ನಲ್ಲಿ ಅಲ್ಲಿ ರೈಲು ನಿಂತಿತು. ಮತ್ತೆ ಓಡಿದ್ದು 2019ರಲ್ಲಿ. ನಿಮ್ಮಂಥ ವಿದ್ಯಾರ್ಥಿಗಳು ಓದುತ್ತಿದ್ದ ಝರಿಯಾದ ಆರ್.ಎಸ್.ಪಿ. ಕಾಲೇಜನ್ನೂ ಇದೇ ಕಾರಣಕ್ಕೆ ಬೇರೆಡೆಗೆ ಸಾಗಿಸಬೇಕಾಯಿತು.

ಹಾಗಾದರೆ ಜನ ಊರು ಬಿಟ್ಟು ಹೋಗಬಾರದೇ ಎಂದು ನೀವು ಕೇಳಬಹುದು. ಆಸನ್‌ಸೋಲ್‌ನ ಸಂಸದರೂ ಕಾರ್ಮಿಕ ನಾಯಕರೂ ಆಗಿದ್ದ ಹಾರಾಧನ ರಾಯ್ 1997ರಲ್ಲಿ ಈ ಜನರ ಪರವಾಗಿ ಸುಪ್ರೀಂ ಕೋರ್ಟಿನ ಮೊರೆ ಹೋದರು. ಮುಂದೆ 2009ರಲ್ಲಿ ಕೇಂದ್ರ ಸರ್ಕಾರ ಝರಿಯಾ ಮತ್ತು ರಾಣಿಗಂಜ್‌ಗೆ ಮಹಾಯೋಜನೆಯೊಂದನ್ನು ಒಪ್ಪಿತು. ಝರಿಯಾ ಒಂದರಲ್ಲೇ 595 ಅಪಾಯದ ತಾಣಗಳನ್ನು ಗುರುತಿಸಲಾಗಿತ್ತು. ಝರಿಯಾಕ್ಕೆ ಪರಿಷ್ಕೃತ ಯೋಜನೆ ಬಂದದ್ದು 2025ರಲ್ಲಿ. ಮೇಲ್ಮೈ ಬೆಂಕಿಯ ತಾಣಗಳು 77ರಿಂದ 27ಕ್ಕೆ ಇಳಿದಿವೆ ಎಂದು ಆಗ ಸರ್ಕಾರ ತಿಳಿಸಿತು. ಇದು ಸಮಾಧಾನದ ಸಂಗತಿ. ಆದರೆ ಜನರನ್ನು ಸಾಗಿಸುವುದು ಬೆಂಕಿ ಆರಿಸುವುದಕ್ಕಿಂತ ಕಷ್ಟ. ಹೊಸ ಬಡಾವಣೆಯಲ್ಲಿ ಮನೆ ಸಿಕ್ಕರೂ ಕೂಲಿ ಸಿಗುವುದು ಹಳೆಯ ಜಾಗದಲ್ಲೇ. ತಲೆಮಾರುಗಳಿಂದ ಬಾಳಿದ ಜಾಗಕ್ಕೆ ಕಾಗದಪತ್ರವಿಲ್ಲದವರ ಪಾಡು ಇನ್ನೂ ಕಷ್ಟದ್ದು. ಬಿರಿದ ಗೋಡೆಯ ನಡುವೆಯೇ ಅಡುಗೆ ಮಾಡುವ ಕುಟುಂಬಕ್ಕೆ ಅಪಾಯ ಗೊತ್ತಿಲ್ಲವೆಂದಲ್ಲ, ಹಸಿವೂ ಗೊತ್ತಿದೆ.

ನಮ್ಮ ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಆದರೂ ನೆಲದಡಿಯ ಪೊಳ್ಳು ನಮಗೆ ಹೊಸದಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದವು. ಅಲ್ಲಿಯ ಬಂಡೆ ಬೇರೆ, ಅಪಾಯದ ಬಗೆಯೂ ಬೇರೆ. ಆದರೆ ಗಣಿ ಮುಚ್ಚಿದ ಮೇಲೂ ಅದರ ನಕ್ಷೆಯನ್ನು ಜೋಪಾನ ಮಾಡಬೇಕೆಂಬ ಮಾತು ಎರಡಕ್ಕೂ ಒಂದೇ.

ಇತಿಹಾಸವೆಂದರೆ ರಾಜರ ಹೆಸರು, ಯುದ್ಧಗಳ ಇಸವಿ ಎಂದು ನೀವು ಬೇಸರಪಟ್ಟಿರಬಹುದು. ನೂರು ವರ್ಷದ ಹಿಂದೆ ಒಬ್ಬ ಮೋಜಣಿದಾರ ಬರೆದಿಡಬೇಕಾಗಿದ್ದ ಒಂದು ಹಾಳೆಯೂ ಇತಿಹಾಸವೇ. ಅದು ಇದ್ದಿದ್ದರೆ ಆ ನೆಲದ ಮೇಲೆ ಯಾರೂ ಮನೆ ಕಟ್ಟುತ್ತಿರಲಿಲ್ಲ. ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರುಗಳಾಗುತ್ತೀರಿ, ಅಧಿಕಾರಿಗಳಾಗುತ್ತೀರಿ. ನೀವು ಅಗೆಸಿದ್ದನ್ನು, ಅಳೆದದ್ದನ್ನು ತಪ್ಪದೆ ಬರೆದಿಡಿ. ಓದುವವರು ಇನ್ನೂ ಹುಟ್ಟಿರಲಾರರು. ಆದರೆ ಆ ನೆಲದ ಮೇಲೆ ಮನೆ ಕಟ್ಟುವವರು ಅವರೇ.