ಬಾಟಲಿ, ಜಾಡಿಗಳ ಕ್ರಿಮಿಶುದ್ಧಿ

ಜಾಮ್, ಹಣ್ಣಿನ ರಸ, ಟೊಮೆಟೊ ತಿರುಳು ಮುಂತಾದವನ್ನು ಮನೆಯಲ್ಲಿ ತಯಾರಿಸಿ ತಿಂಗಳುಗಟ್ಟಲೆ ಇಡುವಾಗ, ತುಂಬುವ ಗಾಜಿನ ಪಾತ್ರೆಯಲ್ಲಿರುವ ಬೂಸ್ಟು, ಯೀಸ್ಟು, ಬ್ಯಾಕ್ಟೀರಿಯಗಳನ್ನು ಶಾಖದಿಂದ ನಾಶಪಡಿಸುವ ಕ್ರಮ. ತಮಿಳುನಾಡಿನ ಧರ್ಮಪುರಿ, ಕೃಷ್ಣಗಿರಿ, ಸೇಲಂ ಜಿಲ್ಲೆಗಳು ಮಾವು, ಟೊಮೆಟೊಗಳ ಸೀಮೆ. ಅಲ್ಲಿನ ಅದಿಯಮಾನ್‌ಕೋಟೆಯಂಥ ಊರುಗಳಲ್ಲಿ ಸುಗ್ಗಿಯ ಹಣ್ಣನ್ನು ಮನೆಮಟ್ಟಿಗೆ ಉಳಿಸಿಕೊಳ್ಳಲು ಇದು ಉಪಯುಕ್ತ.

ಇತಿಹಾಸ: ಆಹಾರವನ್ನು ಗಾಜಿನ ಬಾಟಲಿಗೆ ತುಂಬಿ, ಬಿರಡೆ ಜಡಿದು, ಕುದಿನೀರಿನಲ್ಲಿ ಕಾಯಿಸುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಅಪೆರ್ 1810ರಲ್ಲಿ ಪ್ರಕಟಿಸಿ, ಸರ್ಕಾರದಿಂದ 12,000 ಫ್ರಾಂಕ್ ಪಡೆದ. ಆಹಾರ ಕೆಡದಿರುವ ಕಾರಣ ಸ್ಪಷ್ಟವಾದದ್ದು ಅರ್ಧ ಶತಮಾನದ ಮೇಲೆ, ಲೂಯಿ ಪಾಶ್ಚರನ ಪ್ರಯೋಗಗಳಿಂದ.

ವಿಧಾನ: ಬಾಟಲಿಗಳನ್ನು ಸೋಪಿನ ಬಿಸಿನೀರಿನಲ್ಲಿ ತೊಳೆದು ಜಾಲಿಸಬೇಕು. ಬಾಯಿ ಮುಕ್ಕಾದವು, ಸೀಳು ಬಿಟ್ಟವು ಕೆಲಸಕ್ಕೆ ಬಾರವು. ಅಗಲ ಪಾತ್ರೆಯ ತಳಕ್ಕೆ ಮಡಿಸಿದ ಬಟ್ಟೆ ಹಾಸಿ, ಬಾಟಲಿಗಳನ್ನು ನಿಲ್ಲಿಸಿ, ಬಾಯಿಯ ಮೇಲೆ ಒಂದು ಅಂಗುಲ ನಿಲ್ಲುವಷ್ಟು ಉಗುರುಬೆಚ್ಚನೆಯ ನೀರು ಹೊಯ್ದು ಒಟ್ಟಿಗೇ ಕಾಯಿಸಬೇಕು. ತಣ್ಣನೆಯ ಗಾಜನ್ನು ಕುದಿನೀರಿಗೆ ಇಳಿಸಿದರೆ ಒಡೆಯುತ್ತದೆ. ನೀರು ಮರಳತೊಡಗಿದ ಮೇಲೆ 10 ನಿಮಿಷ ಎಣಿಸಬೇಕು. ಎತ್ತರಕ್ಕೆ ಹೋದಂತೆ ನೀರು ಕಡಿಮೆ ಶಾಖದಲ್ಲೇ ಕುದಿಯುವುದರಿಂದ, 1,000 ಅಡಿ ದಾಟಿದ ಮೇಲೆ ಪ್ರತಿ 1,000 ಅಡಿಗೆ ಒಂದು ನಿಮಿಷ ಹೆಚ್ಚಿಸಬೇಕು. ಸುಮಾರು 1,500 ಅಡಿ ಎತ್ತರದ ಧರ್ಮಪುರಿ ಸೀಮೆಗೆ 11 ನಿಮಿಷ, 3,000 ಅಡಿಯ ಬೆಂಗಳೂರಿಗೆ 12 ನಿಮಿಷ ಸಾಕು. ಬಾಟಲಿ ಬಿಸಿಯಾಗಿರುವಾಗಲೇ ಬಿಸಿ ಪದಾರ್ಥ ತುಂಬಿ, ಬಾಯಿ ಒರೆಸಿ, ಹೊಸ ಮುಚ್ಚಳ ಹಾಕಬೇಕು.

ಮಿತಿ: ಬರಿದಾದ ಬಾಟಲಿ ಶುದ್ಧವಾದ ಮಾತ್ರಕ್ಕೆ ಒಳಗಿನ ಆಹಾರ ಉಳಿಯುವುದಿಲ್ಲ. ತುಂಬಿದ ಬಾಟಲಿಯನ್ನೂ ಕುದಿನೀರಿನಲ್ಲಿ ಕಾಯಿಸಬೇಕು. ಆ ಕಾಯಿಸುವಿಕೆ 10 ನಿಮಿಷಕ್ಕೆ ಕಡಿಮೆಯಿಲ್ಲದಿದ್ದರೆ ಬರಿಯ ಬಾಟಲಿಯನ್ನು ಬೇರೆಯಾಗಿ ಕುದಿಸುವ ಅಗತ್ಯವೇ ಇಲ್ಲ, ತೊಳೆದು ಬಿಸಿಯಾಗಿಟ್ಟರೆ ಸಾಕು. ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಕುದಿನೀರಿಗೂ ಸಾಯುವುದಿಲ್ಲ. ಗಾಳಿಯಿಲ್ಲದ, ಪಿಎಚ್ 4.6ಕ್ಕಿಂತ ಹೆಚ್ಚಿರುವ, ಅಂದರೆ ಹುಳಿ ಕಡಿಮೆಯಾದ ಆಹಾರದಲ್ಲಿ ಅವು ಮೊಳೆತು ಮಾರಕ ವಿಷ ಉಂಟುಮಾಡಬಲ್ಲವು. ಹುರುಳಿಕಾಯಿ, ಬಟಾಣಿಗಳಿಗೆ ಒತ್ತಡದ ಹಬೆಯೇ ಬೇಕು. ಇದಕ್ಕೆ ಅಡುಗೆಮನೆಯ ಸಾಮಾನ್ಯ ಕುಕ್ಕರ್ ಸಾಲದು. ಟೊಮೆಟೊ ಈ ಗಡಿಯ ಅಂಚಿನಲ್ಲಿರುವುದರಿಂದ ಅರ್ಧ ಲೀಟರಿಗೆ ಕಾಲು ಟೀಚಮಚ ಸಿಟ್ರಿಕ್ ಆಮ್ಲ ಸೇರಿಸುತ್ತಾರೆ. ಮಾವೂ ಮಾಗಿದಷ್ಟು ಹುಳಿ ಕಳೆದುಕೊಳ್ಳುತ್ತದೆ.

ಉಪ್ಪಿನಕಾಯಿ ಜಾಡಿ: ಪಿಂಗಾಣಿ ಭರಣಿಯನ್ನು ಕುದಿಸುವ ರೂಢಿಯಿಲ್ಲ. ಬಿಸಿನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಕೆಲವು ಮನೆಗಳಲ್ಲಿ ಕೆಂಡದ ಮೇಲೆ ಇಂಗು ಉದುರಿಸಿ ಆ ಹೊಗೆಗೆ ಜಾಡಿಯನ್ನು ಬೋರಲು ಹಿಡಿಯುತ್ತಾರೆ. ಇಲ್ಲಿ ಉಪ್ಪಿನಕಾಯಿಯನ್ನು ಕೆಡದಂತೆ ಕಾಯುವುದು ಮುಖ್ಯವಾಗಿ ಉಪ್ಪು ಮತ್ತು ಹುಳಿ; ಜಾಡಿಯಲ್ಲಿ ಒಂದು ಹನಿ ನೀರೂ ಉಳಿಯಬಾರದೆಂಬ ಹಿರಿಯರ ಕಟ್ಟುನಿಟ್ಟಿಗೆ ಕಾರಣ, ತೇವವಿದ್ದಲ್ಲಿ ಉಪ್ಪು ತೆಳುವಾಗಿ ಬೂಸ್ಟು ಹಿಡಿಯುವುದು.