ಅಮೆರಿಕದ ಟೆಕ್ನಿಷಿಯನ್ ಹ್ಯಾಮ್ ಲೈಸೆನ್ಸ್: ಡಿಜಿಟಲ್ ಮೋಡ್ ಎಲ್ಲಿ ನಡೆಯುತ್ತೆ, ಎಲ್ಲಿ ನಡೆಯಲ್ಲ

ಗಲ್ಫ್‌ನಲ್ಲಿ ಬೆಳೆದ ನಮ್ಮ ಮಕ್ಕಳು ಓದಲು ಅಮೆರಿಕಕ್ಕೆ ಹೋದಾಗ ಕೆಲವರು ಅಲ್ಲಿ ಹ್ಯಾಮ್ ರೇಡಿಯೊ ಪರೀಕ್ಷೆ ಬರೆಯುತ್ತಾರೆ. ಅಲ್ಲಿನ ಮೊದಲ ಮೆಟ್ಟಿಲು ಟೆಕ್ನಿಷಿಯನ್ ಲೈಸೆನ್ಸ್. ಕೊಡುವುದು ಎಫ್‌ಸಿಸಿ. 35 ಪ್ರಶ್ನೆಗಳಲ್ಲಿ 26 ಸರಿಯಾದರೆ ಪಾಸು. ಮೋರ್ಸ್ ಪರೀಕ್ಷೆ 2007ರಲ್ಲೇ ಹೋಯಿತು. ಅಮೆರಿಕದ ಪೌರತ್ವ ಬೇಕಿಲ್ಲ. ಅಲ್ಲಿನ ಅಂಚೆ ವಿಳಾಸ ಬೇಕು, ವಿದೇಶಿ ಸರ್ಕಾರದ ಪ್ರತಿನಿಧಿ ಆಗಿರಬಾರದು. ಲೈಸೆನ್ಸ್ ಅವಧಿ 10 ವರ್ಷ.

ಹೊಸಬರನ್ನು ಇಂದು ಹೆಚ್ಚು ಸೆಳೆಯುವುದು ಎಫ್‌ಟಿ8 ಎಂಬ ಡಿಜಿಟಲ್ ಮೋಡ್. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್ 2017ರಲ್ಲಿ ಇದನ್ನು ಹೊರತಂದರು. ರೇಡಿಯೊಗೆ ಕಂಪ್ಯೂಟರ್ ಜೋಡಿಸಿ, 15 ಸೆಕೆಂಡಿನ ಸರದಿಯಲ್ಲಿ ಚುಟುಕು ಸಂದೇಶ ಕಳಿಸುವುದು, ಪಡೆಯುವುದು. ಕಿವಿಗೆ ಕೇಳಿಸದಷ್ಟು ಕ್ಷೀಣ ಸಿಗ್ನಲ್ಲನ್ನೂ ಇದು ಹಿಡಿಯುತ್ತದೆ. ಕಂಪ್ಯೂಟರಿನ ಗಡಿಯಾರ ಮಾತ್ರ ಸರಿಯಾಗಿರಬೇಕು, ಒಂದೆರಡು ಸೆಕೆಂಡು ತಪ್ಪಿದರೂ ಏನೂ ಸಿಗುವುದಿಲ್ಲ. ಪರದೆಯಲ್ಲಿ ಎ6 ಎಂದು ಶುರುವಾಗುವ ಕಾಲ್‌ಸೈನ್ ಬಂದರೆ ಯುಎಇ, ಎ7 ಕತಾರ್, 9ಕೆ ಕುವೈತ್, ವಿಯು ಅಂದರೆ ನಮ್ಮ ಭಾರತ.

ಟೆಕ್ನಿಷಿಯನ್‌ಗೆ ದೂರದ ದೇಶ ತಲುಪಿಸುವ ಎಚ್ಎಫ್‌ನಲ್ಲಿ ಡೇಟಾಕ್ಕೆ ಸಿಗುವುದು ಒಂದೇ ಜಾಗ: 10 ಮೀಟರ್ ಬ್ಯಾಂಡಿನ 28.000ದಿಂದ 28.300 ಮೆಗಾಹರ್ಟ್ಸ್. ಶಕ್ತಿ ಹೆಚ್ಚೆಂದರೆ 200 ವ್ಯಾಟ್. ಎಫ್‌ಟಿ8 ಇರುವ 28.074 ಇದರೊಳಗೇ ಬರುತ್ತದೆ. ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ, ಹಗಲು ಹೊತ್ತು, ಈ ಬ್ಯಾಂಡಿನಲ್ಲಿ ಐದಾರು ವ್ಯಾಟ್‌ಗೂ ಸಾಗರ ದಾಟಬಹುದು. ಸೂರ್ಯ ತಣ್ಣಗಾದ ವರ್ಷಗಳಲ್ಲಿ ಇದೇ ಬ್ಯಾಂಡ್ ದಿನಗಟ್ಟಲೆ ಸುಮ್ಮನಿರುತ್ತದೆ. 50 ಮೆಗಾಹರ್ಟ್ಸ್‌ನಿಂದ ಮೇಲಿನ ಬ್ಯಾಂಡುಗಳಲ್ಲಿ ದೊಡ್ಡ ಲೈಸೆನ್ಸಿನವರಿಗೆ ಇರುವ ಹಕ್ಕೇ ಟೆಕ್ನಿಷಿಯನ್‌ಗೂ ಇದೆ: 50.313ರ ಎಫ್‌ಟಿ8, 144.390ರ ಎಪಿಆರ್‌ಎಸ್, ಡಿಎಂಆರ್, ಡಿ-ಸ್ಟಾರ್ ಎಲ್ಲವೂ.

ಹುಡುಗರು ಎಡವುವುದು 80, 40 ಮತ್ತು 15 ಮೀಟರ್‌ಗಳಲ್ಲಿ. ಟೆಕ್ನಿಷಿಯನ್‌ಗೆ ಅಲ್ಲಿ 3.525–3.600, 7.025–7.125, 21.025–21.200 ಭಾಗಗಳು ಸಿಕ್ಕಿವೆ. ಎಫ್‌ಟಿ8 ನಡೆಯುವುದು 3.573, 7.074, 21.074ರಲ್ಲಿ. ಮೂರೂ ಆ ಭಾಗಗಳ ಒಳಗೇ ಇವೆ! ‘ನನ್ನ ಜಾಗವೇ ತಾನೆ’ ಅನ್ನಿಸುವುದು ಸಹಜ. ಆದರೆ ಅಲ್ಲಿ ಅನುಮತಿ ಇರುವುದು ಮೋರ್ಸ್‌ಗೆ ಮಾತ್ರ, ಡೇಟಾಕ್ಕೆ ಇಲ್ಲ. ಜಾಗದ ಜೊತೆ ಮೋಡ್ ಕೂಡ ಹೊಂದಬೇಕು. ಎಲ್ಲರೂ ಮುಗಿಬೀಳುವ 20 ಮೀಟರಿನ 14.074ರಲ್ಲಂತೂ ಟೆಕ್ನಿಷಿಯನ್‌ಗೆ ಯಾವ ಹಕ್ಕೂ ಇಲ್ಲ. ಸಾಫ್ಟ್‌ವೇರ್ ಯಾರ ಲೈಸೆನ್ಸೂ ಕೇಳುವುದಿಲ್ಲ, ಬ್ಯಾಂಡ್ ಬದಲಿಸಿ ಬಟನ್ ಒತ್ತಿದರೆ ಕಳಿಸಿಯೇ ಬಿಡುತ್ತದೆ. ಎಫ್‌ಟಿ8 ಸಂಪರ್ಕದಲ್ಲಿ ಕಾಲ್‌ಸೈನ್ ಹೋಗಿಯೇ ಹೋಗುತ್ತದೆ, ಕೇಳಿದ ಕಂಪ್ಯೂಟರುಗಳು ಅದನ್ನು ಇಂಟರ್ನೆಟ್ಟಿಗೆ ಏರಿಸುವುದೂ ಉಂಟು. ತಪ್ಪು ಮುಚ್ಚಿಡುವ ಹಾಗಿಲ್ಲ. ಬರೀ ಕೇಳುವುದಕ್ಕೆ ಅಮೆರಿಕದಲ್ಲಿ ಲೈಸೆನ್ಸೇ ಬೇಡ, ಅದನ್ನು ಯಾವ ಬ್ಯಾಂಡಿನಲ್ಲೂ ಮಾಡಬಹುದು.

ಆಸೆ ಹೆಚ್ಚಿದ್ದರೆ ಜನರಲ್ ಲೈಸೆನ್ಸ್ ಮಾಡಿಕೊಳ್ಳುವುದೇ ಸರಿ. ಮತ್ತೆ 35 ಪ್ರಶ್ನೆ, 26ಕ್ಕೆ ಪಾಸು. ತಯಾರಿ ಇದ್ದರೆ ಎರಡನ್ನೂ ಒಂದೇ ದಿನ ಬರೆಯಬಹುದು.

ರಜೆಗೆ ಅಪ್ಪ-ಅಮ್ಮನ ಬಳಿ ಗಲ್ಫ್‌ಗೆ ಬರುವಾಗ ಬೇರೆಯೇ ಲೆಕ್ಕ. ಎಫ್‌ಸಿಸಿ ಲೈಸೆನ್ಸ್ ತೋರಿಸಿ ದುಬೈಯಲ್ಲೋ ದಮ್ಮಾಮಿನಲ್ಲೋ ಟ್ರಾನ್ಸ್‌ಮಿಟ್ ಮಾಡುವಂತಿಲ್ಲ. ಯುರೋಪಿನ ಹಲವು ದೇಶಗಳು ಅಮೆರಿಕದ ಹ್ಯಾಮ್‌ಗಳಿಗೆ ಕೊಡುವ ಸಿಇಪಿಟಿ ಸೌಲಭ್ಯದಲ್ಲೂ ಟೆಕ್ನಿಷಿಯನ್‌ಗೆ ಜಾಗವಿಲ್ಲ. ಗಲ್ಫ್‌ನಲ್ಲಿ ಆಯಾ ದೇಶದ ಟೆಲಿಕಾಂ ಪ್ರಾಧಿಕಾರದ, ಯುಎಇಯಲ್ಲಾದರೆ ಟಿಡಿಆರ್‌ಎಯ, ಅನುಮತಿ ಬೇಕು. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ ಕೂಡ ಕಸ್ಟಮ್ಸ್‌ನವರ ಕಣ್ಣಿಗೆ ವೈರ್‌ಲೆಸ್ ಸೆಟ್ಟೇ. ಅನುಮತಿ ಕೈಯಲ್ಲಿಲ್ಲದಿದ್ದರೆ ಅದನ್ನು ಹಾಸ್ಟೆಲ್ ರೂಮಿನಲ್ಲೇ ಬಿಟ್ಟು ಬರಲು ಮಕ್ಕಳಿಗೆ ಟಿಕೆಟ್ ಮಾಡುವಾಗಲೇ ಹೇಳಿಬಿಡಿ.