ಹುಲ್ಲುಹಾಸಿಗಿಂತ ಹಳೆಯದು ತರಕಾರಿ ಮಡಿ

ಮನೆಮುಂದಿನ ಹುಲ್ಲುಹಾಸು ಕಿತ್ತು ತರಕಾರಿ ಹಾಕುವುದನ್ನು ಹೊಸ ಷೋಕಿ ಎನ್ನುವವರು ಶಿರಾದ ಚರಿತ್ರೆ ನೋಡಬೇಕು. 1687ರಿಂದ ಮೊಗಲರ ಸುಬೆಯ ಕೇಂದ್ರವಾಗಿದ್ದ ಆ ಊರಿನ ತೋಟದ ಮಾದರಿಯಲ್ಲೇ ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಹಾಕಿಸಿದನೆಂಬುದು ರೂಢಿಯ ಮಾತು. 1800ರಲ್ಲಿ ಬೆಂಗಳೂರಿನ ಸುಲ್ತಾನರ ತೋಟಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್ ಕಂಡದ್ದೇನು? ದಾರಿಯಂಚಿಗೆ ಸೈಪ್ರಸ್ ಮರ, ಚೌಕ ಮಡಿಗಳಲ್ಲಿ ಹಣ್ಣಿನ ಗಿಡ, ಸೊಪ್ಪು. ಒಂದು ಮಡಿ ತುಂಬ ದಾಳಿಂಬೆ, ಇನ್ನೊಂದರಲ್ಲಿ ಬರೀ ಗುಲಾಬಿ. ಅರಸರ ವಿಹಾರಕ್ಕೂ ಅಡುಗೆಮನೆಗೂ ಜಗಳವಿರಲಿಲ್ಲ.

ಅರಮನೆಯ ಮಾತು ಬಡವರ ಅಂಗಳಕ್ಕೇಕೆ, ಪಾವಗಡ, ಮಧುಗಿರಿಯಲ್ಲಿ ನೀರಾದರೂ ಎಲ್ಲಿ ಎಂಬ ಆಕ್ಷೇಪ ನ್ಯಾಯವೇ. ಆದರೆ ಹಿತ್ತಲು ಬದುಕಿದ್ದು ಬಚ್ಚಲ ನೀರಿನಲ್ಲಿ: ಮೋರಿಯ ತುದಿಗೆ ಬಾಳೆ, ಕೆಸು, ಚಪ್ಪರಕ್ಕೆ ಹೀರೆ, ಅವರೆ. ಬರದ ವರ್ಷ ತರಕಾರಿ ಮಡಿಯನ್ನು ಖಾಲಿ ಬಿಡಬಹುದು. ಹುಲ್ಲುಹಾಸಿಗೆ ಬೇಸಿಗೆಯಲ್ಲೂ ರಜೆಯಿಲ್ಲ. ಶಿರಾದಿಂದ ಕೊರಟಗೆರೆವರೆಗೆ ಈ ಸೀಮೆಗೆ ಅದು ದುಬಾರಿ.